ಹಾದಿಯ ಮೇಲಿನ ಆಚಾರ

(ಶ್ರೀಮಠದ ಶ್ರಾವಣ ಮಾಸದ ಪ್ರವಚನ ಮಾಲೆಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)

 

ಕಳೆದ ಐದು ದಿನಗಳಿಂದ ನಾವು ಪಂಚಾಚಾರಗಳ ವಿಚಾರ ಮಾಡುತ್ತ ಬಂದಿದ್ದೇವೆ. ಲಿಂಗಾಚಾರ, ಸದಾಚಾರ, ಶಿವಾಚಾರ, ಭೃತ್ಯಾಚಾರಗಳನ್ನು ಮುಗಿಸಿ ನಿನ್ನೆ ಗಣಾಚಾರಕ್ಕೆ ಬಂದೆವು. ಅನ್ಯಾಯವನ್ನು ಕಂಡೂ ಕಾಣದವರಂತೆ ಕೂಡುವುದು ಶರಣನ ಲಕ್ಷಣವಲ್ಲ ಎಂದು ಹೇಳಿದೆವು. ನೀವೂ ತಲೆದೂಗಿದಿರಿ. ಪ್ರವಚನ ಮುಗಿಯಿತು, ಪ್ರಸಾದಕ್ಕೆ ಗಂಟೆ ಹೊಡೆಯಿತು. ಜನರೆಲ್ಲ ಪಂಕ್ತಿಗೆ ಎದ್ದು ಹೋದರೂ ಒಬ್ಬ ಹುಡುಗ ಮಾತ್ರ ಕಂಬಕ್ಕೆ ಒರಗಿ ನಿಂತಿದ್ದ. ಹದಿನೇಳು ವರ್ಷದವನಿರಬೇಕು. ಮೊಣಕೈಗೂ ಮೊಣಕಾಲಿಗೂ ಬಿಳಿ ಪಟ್ಟಿ ಕಟ್ಟಿತ್ತು. ಪಕ್ಕದಲ್ಲಿ ಅವನ ತಾಯಿ.

ಹುಡುಗ ನಮಸ್ಕಾರ ಮಾಡಿ ಕೇಳಿದ: "ಅಪ್ಪಾರ, ಅನ್ಯಾಯ ಸಹಿಸಬಾರದು ಅಂತ ಹೇಳಿದ್ರಿ. ಹಂಗಾದ್ರ ನಾ ಕಲ್ಲು ಒಗದ್ರ ತಪ್ಪೇನ್ರಿ?"

ಸಂಗತಿ ಇಷ್ಟೇ. ಅವನು ಸೈಕಲ್ ಸ್ಪರ್ಧೆಗೆ ತಯಾರಾಗುತ್ತಿರುವ ಹುಡುಗ. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಪಟುಗಳಿಗೆ ಹೆಸರಾದವು. ರೈತರ ಮಕ್ಕಳು, ಕೂಲಿಕಾರರ ಮಕ್ಕಳು ಇಲ್ಲಿಂದ ಹೋಗಿ ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದು ಬಂದಿದ್ದಾರೆ. ಅವರ ಅಭ್ಯಾಸವೆಲ್ಲ ನಸುಕಿನಲ್ಲಿ, ಹೆದ್ದಾರಿಯ ಮೇಲೆ. ಹೀಗೆ ಒಂದು ಬೆಳಗ್ಗೆ ಹೋಗುವಾಗ ಹಿಂದಿನಿಂದ ಒಂದು ಜೀಪು ಬಂತು. ಒಂದೇ ಸಮನೆ ಹಾರ್ನ್ ಹೊಡೆಯಿತು. ಎಡಕ್ಕೆ ಇಳಿಯೋಣವೆಂದರೆ ಡಾಂಬರಿನ ಅಂಚು ಒಂದು ಗೇಣು ಕೊರೆದುಹೋಗಿ, ಕೆಳಗೆ ಬರೀ ಗರಸು. ಜೀಪಿನವನು ಗಾಜು ಇಳಿಸಿ ತಾಯಿಯ ಹೆಸರಿಗೆ ಬೈದ. ಬೈದು, ಬೇಕೆಂದೇ ಮೈಗೆ ತಾಗುವಷ್ಟು ಹತ್ತಿರ ಎಳೆದುಕೊಂಡು ಹೋದ. ಹುಡುಗ ಗರಸಿನಲ್ಲಿ ಬಿದ್ದ. ಜೀಪು ನಿಲ್ಲಲಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತವರು ನಕ್ಕದ್ದು ಕಿವಿಗೆ ಕೇಳಿಸಿತಂತೆ. "ಬಿದ್ದದ್ದು ಮರತೀನ್ರಿ, ಆ ನಗೀ ಮರಿಯಾಕ ಆಗವಲ್ದು" ಎಂದ.

ಅಂದಿನಿಂದ ಅವನೂ ಅವನ ಜೊತೆಗಾರರೂ ಅಂಗಿಯ ಹಿಂದಿನ ಜೇಬಿನಲ್ಲಿ ಎರಡೆರಡು ಕಲ್ಲು ಇಟ್ಟುಕೊಂಡು ಹೋಗುತ್ತಿದ್ದಾರೆ. ತಾಯಿಯ ಕಣ್ಣಲ್ಲಿ ನೀರು. "ಸೈಕಲ್ ಬಿಡು ಅಂದ್ರ ಬಿಡವಲ್ಲ, ಕಲ್ಲು ಬಿಡು ಅಂದ್ರ ಬಿಡವಲ್ಲ. ನೀವರೆ ಹೇಳ್ರಿ ಯಪ್ಪಾ" ಎಂದಳು.

ನಾವು ನಿನ್ನೆ ಅವನಿಗೆ ಉತ್ತರ ಕೊಡಲಿಲ್ಲ. "ಪ್ರಸಾದ ಮಾಡು, ನಾಳೆ ಬಾ" ಎಂದು ಕಳಿಸಿದೆವು. ರಾತ್ರಿ ಬಹಳ ಹೊತ್ತು ಆ ಪ್ರಶ್ನೆಯೇ ನಮ್ಮೆದುರು ಕುಳಿತಿತ್ತು. ಇದನ್ನು ಅವನೊಬ್ಬನ ಕಿವಿಯಲ್ಲಿ ಹೇಳಿದರೆ ಸಾಲದು. ಈ ಸಭೆಯಲ್ಲಿ ಸೈಕಲ್ ತುಳಿದು ಬಂದವರು ಇದ್ದೀರಿ. ಹೊರಗೆ ಬೇವಿನ ಮರದ ನೆರಳಿಗೆ ಕಾರು ನಿಲ್ಲಿಸಿ ಬಂದವರೂ ಇದ್ದೀರಿ. ಬಿದ್ದವನೂ ನಮ್ಮವನೇ, ಬೀಳಿಸಿದವನೂ ನಮ್ಮವನೇ ಇರಬಹುದು. ಆದ್ದರಿಂದ ಇಬ್ಬರಿಗೂ ಕೂಡಿಯೇ ಹೇಳುತ್ತೇವೆ.

ಮೊದಲು ಮೋಟಾರು ಓಡಿಸುವ ಬಂಧುಗಳಿಗೆ.

ಹಾದಿಯ ಮೇಲೆ ಸೈಕಲ್ ತುಳಿಯುವವನು ಯಾರು? ನಿಮ್ಮ ಮನೆಗೆ ಹಾಲು ತರುವವನು. ಪೇಪರ್ ಹಾಕುವ ಹುಡುಗ. ಕರಣಿ, ಬಾನಿಯನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡು ಹೊರಟ ಗೌಂಡಿ. ರಾತ್ರಿಯೆಲ್ಲ ಎಚ್ಚರವಿದ್ದು ಬೆಳಗಿನಲ್ಲಿ ಮನೆಗೆ ಮರಳುವ ಕಾವಲುಗಾರ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ಆರಂಭಿಸಿತು. ಅದರಿಂದ ಎಷ್ಟೋ ಹಳ್ಳಿಯ ಹೆಣ್ಣುಮಕ್ಕಳು ಮುಂದಿನ ಊರಿನ ಹೈಸ್ಕೂಲು ಕಂಡರು. ಇವರಿಗೆಲ್ಲ ಸೈಕಲ್ಲೆಂಬುದು ಶೋಕಿಯ ವಸ್ತುವಲ್ಲ. ನುಲಿಯ ಚಂದಯ್ಯನವರಿಗೆ ಹುಲ್ಲು ಹೇಗೋ, ಅಂಬಿಗರ ಚೌಡಯ್ಯನವರಿಗೆ ದೋಣಿ ಹೇಗೋ, ಇವರಿಗೆ ಸೈಕಲ್ಲು ಹಾಗೆ. ಅದು ಕಾಯಕದ ಉಪಕರಣ. ಕಾಯಕ ಮಾಡುವವನನ್ನು ಹಾದಿಯಿಂದ ತಳ್ಳಿ, ಮಠಕ್ಕೆ ಬಂದು ಕಾಯಕದ ಮೇಲಿನ ಪ್ರವಚನ ಕೇಳಿದರೆ ಏನು ಬಂತು?

ಇನ್ನೊಂದು ಮಾತು. ವಯಸ್ಸಿನಲ್ಲಿ ಸೈಕಲ್ಲು ಅಣ್ಣ, ಮೋಟಾರು ತಮ್ಮ! ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತ ಎರಡು ಗಾಲಿಯ ಕಟ್ಟಿಗೆಯ ಬಂಡಿಯ ಮೇಲೆ ಕುಳಿತು, ನೆಲವನ್ನು ಕಾಲಿನಿಂದ ಒದೆಯುತ್ತ ಹೊರಟದ್ದು 1817ರಲ್ಲಿ. ಕಾರ್ಲ್ ಬೆಂಜ್ ಮೋಟಾರು ಗಾಡಿ ಮಾಡಿದ್ದು 1885ರಲ್ಲಿ. ಹೆನ್ರಿ ಫೋರ್ಡ್ 1896ರಲ್ಲಿ ತನ್ನ ಮೊದಲ ಗಾಡಿಯನ್ನು ಕಟ್ಟಿದಾಗ ಅದಕ್ಕೆ ಹಾಕಿದ್ದು ನಾಲ್ಕು ಸೈಕಲ್ ಗಾಲಿ. ವಿಮಾನ ಹಾರಿಸಿದ ರೈಟ್ ಸಹೋದರರ ಹೊಟ್ಟೆಪಾಡು ಸೈಕಲ್ ಅಂಗಡಿಯಿಂದಲೇ ನಡೆದಿತ್ತು. ಅಣ್ಣನ ಹೆಗಲ ಮೇಲೆ ಕುಳಿತು ದೊಡ್ಡವನಾದ ತಮ್ಮ ಈಗ ಅಣ್ಣನಿಗೇ "ದಾರಿ ಬಿಡು" ಎಂದು ಕೂಗುತ್ತಾನೆ. ಇದು ಮನೆತನಸ್ಥರ ಲಕ್ಷಣವೇ, ನೀವೇ ಹೇಳಿ.

ಕೆಲವರು ಹೇಳುತ್ತಾರೆ, "ಟ್ಯಾಕ್ಸ್ ಕಟ್ಟುವವರು ನಾವು, ರಸ್ತೆ ನಮ್ಮದು." ಸೈಕಲ್ಲಿನವನು ಕೊಳ್ಳುವ ಸಾಬೂನಿಗೂ, ಎಣ್ಣೆಗೂ, ಆ ಸೈಕಲ್ಲಿನ ಟಯರಿಗೂ ತೆರಿಗೆ ಇದೆ. ರಸ್ತೆ ಇರುವುದು ಊರಿನ ನೆಲದಲ್ಲಿ, ಊರೆಲ್ಲರ ಹಣದಲ್ಲಿ. ಸೈಕಲ್ಲಿಗೆ ಲೈಸೆನ್ಸ್ ಬೇಡವೆಂದ ಮಾತ್ರಕ್ಕೆ ಅದರ ಸವಾರನಿಗೆ ಹಕ್ಕಿಲ್ಲವೆಂದಲ್ಲ. ಎಲ್ಲಿ ಹೋಗಬಾರದೋ ಅಲ್ಲಿ ಸರ್ಕಾರವೇ ತಡೆದಿದೆ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಇಂಜಿನ್ ಇಲ್ಲದ ಗಾಡಿಗಳನ್ನೂ ನಿಷೇಧಿಸಿದರು. ಅಂಥ ಕಡೆ ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಉಳಿದ ರಸ್ತೆಗಳಲ್ಲಿ ಸೈಕಲ್ಲು ಯಾರ ಭಿಕ್ಷೆಯಿಂದಲೂ ಹೋಗುತ್ತಿಲ್ಲ.

ಇಷ್ಟಕ್ಕೂ ಆ ಸಿಟ್ಟು ಏಕೆ? ತಡವಾಗುತ್ತದೆ ಎಂದು. ಎಷ್ಟು ತಡ? ಲೆಕ್ಕ ಹಾಕೋಣ. ನಿಮ್ಮ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದೆ. ಮುಂದೆ ಸೈಕಲ್ಲು, ಎದುರಿಗೆ ಲಾರಿ. ದಾಟಲು ಜಾಗವಿಲ್ಲದೆ ಹತ್ತು ಸೆಕೆಂಡು ಕಾಲ 15ರ ವೇಗದಲ್ಲಿ ಸೈಕಲ್ಲಿನ ಹಿಂದೆ ಹೋದಿರಿ ಎನ್ನಿ. ಆ ಹತ್ತು ಸೆಕೆಂಡಿನಲ್ಲಿ 167 ಮೀಟರ್ ಹೋಗಬೇಕಾದವರು 42 ಮೀಟರ್ ಹೋದಿರಿ. ಹಿಂದೆ ಬಿದ್ದದ್ದು 125 ಮೀಟರ್. ಅದನ್ನು ಮತ್ತೆ 60ರ ವೇಗದಲ್ಲಿ ದಾಟಲು ಬೇಕಾದದ್ದು ಏಳೂವರೆ ಸೆಕೆಂಡು! ಇಷ್ಟಲಿಂಗವನ್ನು ಅಂಗೈಗೆ ತೆಗೆದುಕೊಂಡು ವಿಭೂತಿ ಧರಿಸುವಷ್ಟು ಹೊತ್ತೂ ಅಲ್ಲ. ಆ ಏಳೂವರೆ ಸೆಕೆಂಡಿಗಾಗಿ ಒಬ್ಬ ತಾಯಿಯ ಮಗನನ್ನು ಗರಸಿಗೆ ಕೆಡವುತ್ತೇವೆ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ತಾಯಿ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಹೆಚ್ಚಿನದನ್ನು ಬಿದ್ದಲ್ಲೇ ಹಾಕಿ ಬನ್ನಿ ಎಂದು ತಿರುಗಿ ಕಳಿಸಿದಳು. ಅಕ್ಕಿಯ ಆಸೆಯಂತೆ ಹೊತ್ತಿನ ಆಸೆಯೂ ಒಂದಿದೆ. ಇನ್ನೊಬ್ಬನ ಪಾಲಿನ ಹಾದಿಯನ್ನು ಕಸಿದು ಉಳಿಸಿಕೊಂಡ ಏಳು ಸೆಕೆಂಡು ನಮ್ಮ ಪಾಲಿನದಲ್ಲ. ಅದನ್ನು ಮನೆಗೆ ತಂದರೆ ಲಕ್ಕಮ್ಮ ತಾಯಿ ಬಾಗಿಲಲ್ಲೇ ತಡೆಯುತ್ತಾಳೆಂದು ತಿಳಿಯಿರಿ.

ಇದನ್ನು ನಿಮಗೆ ಹೇಳುವ ಅಧಿಕಾರ ನಮಗೆ ಎಲ್ಲಿದೆ ಎಂದು ನಿನ್ನೆ ರಾತ್ರಿ ನಮಗೇ ಅನಿಸಿತು. ಏಕೆಂದರೆ ನಮ್ಮದೂ ಒಂದು ತಪ್ಪಿದೆ, ಸಭೆಯಲ್ಲಿ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಗೃಹಪ್ರವೇಶಕ್ಕೆ ಹೋಗಿ ಮಠಕ್ಕೆ ಮರಳುತ್ತಿದ್ದೆವು. ಮುಂದೆ ಒಬ್ಬ ಮುದುಕ ಸೈಕಲ್ಲಿನ ಹಿಂದೆ ಚೀಲ ಹೇರಿಕೊಂಡು ನಿಧಾನ ಹೊರಟಿದ್ದ. ನಮ್ಮ ಕಾರಿನ ಚಾಲಕ ಹಾರ್ನ್ ಹೊಡೆದ, ಹೊಡೆದೇ ಹೊಡೆದ. ಮುದುಕ ಗಾಬರಿಯಾಗಿ ಬದಿಯ ರಾಡಿಗೆ ಇಳಿದು ವಾಲಿದ. ನಾವು ಒಳಗೆ ಕುಳಿತು ಅದನ್ನು ಕಂಡೆವು. ಚಾಲಕನಿಗೆ ಒಂದು ಮಾತು ಹೇಳಲಿಲ್ಲ. ಪೂಜೆಗೆ ಹೊತ್ತಾಗಿದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಒಂದು ತಾಸಿನ ಮೇಲೆ ಆ ಮುದುಕ ಮಠದ ದಾಸೋಹದ ಕೋಣೆಯ ಮುಂದೆ ಸೈಕಲ್ ನಿಲ್ಲಿಸಿದ. ಚೀಲದಲ್ಲಿ ಬದನೆಕಾಯಿ, ತನ್ನ ಹೊಲದ ಮೊದಲ ಬೆಳೆ, ದಾಸೋಹಕ್ಕೆಂದು ತಂದದ್ದು. ಧೋತರಕ್ಕೆ ರಾಡಿ ಹತ್ತಿತ್ತು. ಅಂಗಳದಲ್ಲಿ ನಿಂತ ಕಾರನ್ನು ನೋಡಿದ, ನಮ್ಮನ್ನು ನೋಡಿದ. ನಮಸ್ಕಾರ ಮಾಡಿ, "ಪೂಜಾಕ್ಕ ಹೊತ್ತಾಗಿತ್ತೇನ್ರಿ ಅಪ್ಪಾರ" ಎಂದ. ಅಷ್ಟೇ. ಅದರಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅದು ಇಂದಿಗೂ ನೆಟ್ಟುಕೊಂಡಿದೆ. ಅಂದು ನಾವು ಮಾಡಿದ ಪೂಜೆ ಎಂಥದೋ ಆ ಶಿವನಿಗೇ ಗೊತ್ತು.

ಕಾರಿನಲ್ಲಿ ಕುಳಿತಾಗ ಮನುಷ್ಯನಿಗೆ ಏನಾಗುತ್ತದೆ ಎಂಬುದು ನಮಗೆ ಅಂದು ತಿಳಿಯಿತು. ಗಾಜು ಏರಿಸಿದ ಮೇಲೆ ಹೊರಗಿನವನ ಮುಖ ಕಾಣುವುದಿಲ್ಲ, ಬೆನ್ನು ಮಾತ್ರ ಕಾಣುತ್ತದೆ. ಬೆನ್ನು ಯಾರದಾದರೇನು, ಅಡ್ಡಿಯಂತೆ ಕಾಣುತ್ತದೆ. ಅದೇ ಮುದುಕ ಹೊಲದ ಕಾಲುದಾರಿಯಲ್ಲಿ ಎದುರಾಗಿದ್ದರೆ "ಶರಣಾರ್ಥಿ, ಆರಾಮೇ?" ಎನ್ನುತ್ತಿದ್ದೆವು. ಶಿವಾಚಾರವೆಂದರೆ ಮೇಲು ಕೀಳೆಣಿಸದೆ ಎಲ್ಲರಲ್ಲೂ ಶಿವನನ್ನು ಕಾಣುವುದು ಎಂದು ಹೇಳುತ್ತೇವೆ. ನಾಲ್ಕು ಗಾಲಿಯವನು ಮೇಲು, ಎರಡು ಗಾಲಿಯವನು ಕೀಳು ಎಂಬುದು ಹೊಸ ಜಾತಿ. ಹಳೆಯದನ್ನು ಬಿಡಲು ಬಸವಣ್ಣನವರು ಹೇಳಿದರು, ಇದನ್ನು ನಾವು ಕಟ್ಟಿಕೊಂಡೆವು.

ಆದ್ದರಿಂದ ಮೋಟಾರಿನವರು ಇಷ್ಟು ನಡೆಸಿಕೊಡಬೇಕು. ಸೈಕಲ್ಲನ್ನು ದಾಟುವಾಗ ನಡುವೆ ಒಂದು ಮಾರು ಜಾಗ ಬಿಡಿ. ಸ್ಪೇನ್, ಜರ್ಮನಿ ಮೊದಲಾದ ದೇಶಗಳಲ್ಲಿ ಕನಿಷ್ಠ ಒಂದೂವರೆ ಮೀಟರ್ ಬಿಡಬೇಕೆಂದು ಕಾನೂನೇ ಮಾಡಿದ್ದಾರೆ. ಜಾಗವಿಲ್ಲದಿದ್ದರೆ ಹಿಂದೆ ನಿಧಾನವಾಗಿ ಬನ್ನಿ. ಸೈಕಲ್ಲಿನ ಬೆನ್ನಿಗೆ ಹೋಗಿ ಒಮ್ಮೆಲೆ ಹಾರ್ನ್ ಹೊಡೆಯಬೇಡಿ, ಬೆಚ್ಚಿದವನು ಯಾವ ಕಡೆಗೆ ವಾಲುತ್ತಾನೆಂದು ಅವನಿಗೇ ಗೊತ್ತಿರುವುದಿಲ್ಲ. 60ರ ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಕಣ್ಣು ಕಂಡು ಕಾಲು ಬ್ರೇಕಿಗೆ ಬರುವುದರೊಳಗೇ ಅಷ್ಟು ದೂರ ಮುಗಿದಿರುತ್ತದೆ. ವೇಗ ಎರಡು ಪಟ್ಟಾದರೆ ಪೆಟ್ಟಿನ ಬಲ ನಾಲ್ಕು ಪಟ್ಟು. ಗಾಡಿ ನಿಲ್ಲಿಸಿ ಬಾಗಿಲು ತೆಗೆಯುವಾಗ ಹಿಂದೆ ನೋಡಿ ತೆಗೆಯಿರಿ. ಬಲಗಡೆ ಕುಳಿತವರು ಎಡಗೈಯಿಂದ ಬಾಗಿಲು ತೆಗೆದರೆ ಮೈ ತಾನಾಗಿ ಹಿಂದಕ್ಕೆ ಹೊರಳಿ, ಬರುವವರು ಕಣ್ಣಿಗೆ ಬೀಳುತ್ತಾರೆ. ಕಬ್ಬು ಸಾಗಿಸುವ ಬಂಧುಗಳೇ, ಹಿಂದೆ ಕೆಂಪು ದೀಪವಿಲ್ಲದ ಟ್ರೇಲರನ್ನು ಕತ್ತಲಲ್ಲಿ ರಸ್ತೆಗೆ ತರಬೇಡಿ, ಕೆಟ್ಟು ನಿಂತ ಟ್ರೇಲರನ್ನು ಹಾಗೇ ಬಿಟ್ಟು ಊಟಕ್ಕೆ ಹೋಗಬೇಡಿ. ಅದಕ್ಕೆ ಬಡಿದವನು ಸೈಕಲ್ಲಿನವನಾದರೂ ಬೈಕಿನವನಾದರೂ ಆ ಪಾಪ ನಿಮ್ಮ ಕಬ್ಬಿನ ಬಿಲ್ಲಿನಲ್ಲೇ ಕೂಡಿರುತ್ತದೆ.

ಇನ್ನು ಸೈಕಲ್ ತುಳಿಯುವ ಮಕ್ಕಳಿಗೆ.

ಸದಾಚಾರ ನಿಮ್ಮಿಂದ ಮೊದಲಾಗಲಿ. ಇನ್ನೊಬ್ಬರ ತಪ್ಪನ್ನು ಕೇಳುವವನ ಕೈ ಶುದ್ಧವಿರಬೇಕು. ರಸ್ತೆಯ ಎಡಕ್ಕೇ ಹೋಗಿ, ಎಂದೂ ಎದುರು ದಿಕ್ಕಿನಲ್ಲಿ ಬರಬೇಡಿ. ಕಿವಿಯಲ್ಲಿ ಹಾಡು ಬೇಡ, ಕಿವಿ ನಿಮ್ಮ ಹಿಂದಿನ ಕಣ್ಣು. ಜೊತೆಗಾರರೊಡನೆ ಮಾತಾಡುತ್ತ ಮೂರು ಮೂರು ಜನ ಸಾಲಾಗಿ ಹೋಗಬೇಡಿ. ತಿರುಗುವ ಮುನ್ನ ಹಿಂದೆ ನೋಡಿ, ಕೈ ಚಾಚಿ ತೋರಿಸಿ. ನಸುಕಿನಲ್ಲಿ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಮೈಮೇಲೆ ತಿಳಿ ಬಣ್ಣದ ಅಂಗಿ ಇರಲಿ. ತಲೆಗೆ ಹೆಲ್ಮೆಟ್ ಇರಲಿ. ಲಾರಿಯ ಎಡ ಮಗ್ಗುಲಲ್ಲಿ, ಮುಂದಿನ ಗಾಲಿಯ ಹತ್ತಿರ ಹೋಗಿ ನಿಲ್ಲಬೇಡಿ. ಎತ್ತರದಲ್ಲಿ ಕುಳಿತ ಚಾಲಕನಿಗೆ ಆ ಜಾಗ ಕಾಣುವುದೇ ಇಲ್ಲ. ಅವನು ದುಷ್ಟನಲ್ಲದಿದ್ದರೂ ಎಡಕ್ಕೆ ತಿರುಗಿದರೆ ನೀವು ಗಾಲಿಯ ಕೆಳಗಿರುತ್ತೀರಿ.

ರಸ್ತೆಯ ತೀರ ಅಂಚಿಗೆ ಅಂಟಿಕೊಂಡು ಹೋಗುವುದೂ ಒಳ್ಳೆಯದಲ್ಲ. ಅಂಚಿನಲ್ಲಿ ಗರಸು, ಗಾಜಿನ ಚೂರು, ಕೊರಕಲು ಇರುತ್ತವೆ. ಅಲ್ಲಿ ಹೋಗುವವನು ಅತ್ತಿತ್ತ ಓಲಾಡುತ್ತಾನೆ. ಹಿಂದಿನವನಿಗೂ ಜಾಗವಿದೆಯೆಂದು ಭ್ರಮೆಯಾಗಿ ನುಗ್ಗುತ್ತಾನೆ. ಅಂಚಿನಿಂದ ಎರಡು ಮೊಳ ಒಳಗೆ, ನೆಟ್ಟಗೆ, ಒಂದೇ ಗೆರೆಯಲ್ಲಿ ಹೋಗಿ. ಇದು ಸೊಕ್ಕಲ್ಲ, ಹಿಂದಿನವನಿಗೆ ಸಹಾಯ. ಬದಿಗೆ ಒಳ್ಳೆಯ ಜಾಗ ಸಿಕ್ಕ ಕೂಡಲೇ ಸರಿದು ದಾರಿ ಬಿಡಿ, ಕೈಯೆತ್ತಿ ಹೋಗಲು ಹೇಳಿ. ಹೀಗೆ ದಾರಿ ಬಿಡುವುದು ಭೃತ್ಯಾಚಾರ. ಹೆದರಿ ಬಿಡುವುದು ಬೇರೆ, ತಿಳಿದು ಬಿಡುವುದು ಬೇರೆ. ತಿಳಿದು ಬಿಟ್ಟವನು ಸಣ್ಣವನಾಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಒಬ್ಬ ಬಂದು ಬೈದ, ಮೈಮೇಲೆ ಬಂದ. ಆಗೇನು ಮಾಡಬೇಕು? ಇಲ್ಲಿಯೇ ಸಾಧನೆ ಇರುವುದು.

ಆ ಕ್ಷಣಕ್ಕೆ ಎರಡೂ ಕೈ ಹ್ಯಾಂಡಲಿನ ಮೇಲೆಯೇ ಇರಲಿ. ಬೆರಳು ತೋರಿಸಬೇಡಿ, ತಿರುಗಿ ಬೈಯಬೇಡಿ. ನೀನೂ ನಿನ್ನ ಸೈಕಲ್ಲೂ ಕೂಡಿ 80 ಕಿಲೋ ತೂಗಿದರೆ ಹೆಚ್ಚು, ಅವನ ಜೀಪು 2,000 ಕಿಲೋ ಹತ್ತಿರ. ಸಿಟ್ಟಾದವನ ಕೈಯಲ್ಲಿ ಅಷ್ಟು ಕಬ್ಬಿಣವಿರುವಾಗ ಅವನ ಸಿಟ್ಟಿಗೆ ಇನ್ನಷ್ಟು ಎಣ್ಣೆ ಸುರಿಯುವುದು ಶೌರ್ಯವಲ್ಲ. ವೇಗ ಇಳಿಸು, ಎಡಕ್ಕೆ ಸರಿದು ಕಾಲು ನೆಲಕ್ಕೆ ಊರು. ಅವನು ಮುಂದೆ ಹೋಗಲಿ. ಬೆನ್ನಟ್ಟಬೇಡ. ಬೆನ್ನಟ್ಟಿ ಹಿಡಿದರೆ ಏನಾಗುತ್ತದೆ? ಅವನು ಇಳಿಯುತ್ತಾನೆ, ಜೊತೆಗೆ ನಾಲ್ವರು ಇಳಿಯುತ್ತಾರೆ. ಇಲ್ಲವೆ ನಿನ್ನನ್ನು ತಪ್ಪಿಸಿಕೊಳ್ಳಲು ಇನ್ನೊಬ್ಬನ ಮೇಲೆ ಹಾಯಿಸುತ್ತಾನೆ. ಎದೆಯ ಬಡಿತ ಇಳಿಯುವ ತನಕ ಅಲ್ಲೇ ನಿಲ್ಲು. ಇಷ್ಟಲಿಂಗವನ್ನು ನೆನೆ. ಅಂಗದ ಮೇಲೆ ಲಿಂಗವಿರುವುದು ಮನೆಯ ಪೂಜೆಗಷ್ಟೇ ಅಲ್ಲ, ಇಂಥ ಹೊತ್ತಿಗೇ.

ಆಮೇಲೆ ಬುದ್ಧಿಯನ್ನು ಉಪಯೋಗಿಸು. ಗಾಡಿಯ ನಂಬರು, ಬಣ್ಣ, ಹೊತ್ತು, ಜಾಗ ಬರೆದುಕೋ. ಅಪಾಯವಿದ್ದರೆ 112ಕ್ಕೆ ಫೋನು ಮಾಡು, ಪೆಟ್ಟಾಗಿದ್ದರೆ 108ಕ್ಕೆ. ಮೋಟಾರು ವಾಹನಗಳ ಕಾಯಿದೆ 1988ರದು, 2019ರಲ್ಲಿ ತಿದ್ದುಪಡಿಯಾಯಿತು. ಅದರ 184ನೆಯ ಕಲಮಿನಲ್ಲಿ ಅಪಾಯಕರವಾಗಿ ಗಾಡಿ ಓಡಿಸಿದವನಿಗೆ ಮೊದಲ ಸಲವೇ ಆರು ತಿಂಗಳಿಂದ ಒಂದು ವರ್ಷದ ವರೆಗೆ ಸಜೆ, ಇಲ್ಲವೆ 1,000ದಿಂದ 5,000 ರೂಪಾಯಿ ದಂಡ, ಇಲ್ಲವೆ ಎರಡೂ. 134ನೆಯ ಕಲಮಿನ ಪ್ರಕಾರ ಗಾಯಗೊಂಡವನನ್ನು ಆಸ್ಪತ್ರೆಗೆ ಮುಟ್ಟಿಸುವುದು ಆ ಚಾಲಕನ ಕರ್ತವ್ಯ. ಯಾರೆಂದು ತಿಳಿಯದ ಗಾಡಿ ಬಡಿದು ಓಡಿಹೋದರೆ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಯೋಜನೆಯಲ್ಲಿ ಸತ್ತವರ ಮನೆಯವರಿಗೆ ಎರಡು ಲಕ್ಷ, ಭಾರಿ ಗಾಯವಾದವರಿಗೆ ಐವತ್ತು ಸಾವಿರ ರೂಪಾಯಿ ಪರಿಹಾರವಿದೆ. ಹಣ ಮಗನನ್ನು ತಂದುಕೊಡುವುದಿಲ್ಲ, ನಿಜ. ಆದರೆ ಬಡವರಿಗೆ ತಮ್ಮ ಹಕ್ಕು ತಿಳಿದಿರಬೇಕು.

ಇಲ್ಲಿ ಉಳಿದವರಿಗೂ ಒಂದು ಮಾತು. ಹಾದಿಯಲ್ಲಿ ಬಿದ್ದವನನ್ನು ಕಂಡು, ಪೊಲೀಸರ ಕಾಟ ಯಾರಿಗೆ ಬೇಕೆಂದು ಮುಂದೆ ಹೋಗಬೇಡಿ. ಸುಪ್ರೀಂ ಕೋರ್ಟು 2016ರಲ್ಲಿ ಇಂಥ ಉಪಕಾರಿಗಳ ರಕ್ಷಣೆಯ ನಿಯಮಗಳಿಗೆ ಕಾನೂನಿನ ಬಲ ಕೊಟ್ಟಿತು, 2019ರ ತಿದ್ದುಪಡಿಯಲ್ಲಿ ಅದು ಕಾಯಿದೆಯ ಒಳಗೇ ಸೇರಿತು. ಬಿದ್ದವನನ್ನು ಎತ್ತಿದವನು ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ, ಅವನ ಮೇಲೆ ಕೇಸೂ ಇಲ್ಲ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳ ಮೇಲೆ 1,68,491 ಜನ ಸತ್ತರು. ಬೇಗ ಎತ್ತಿ ಒಯ್ದಿದ್ದರೆ ಅವರಲ್ಲಿ ಕೆಲವರಾದರೂ ಮನೆಗೆ ಮರಳುತ್ತಿದ್ದರು.

ಈಗ ಕಲ್ಲಿನ ಪ್ರಶ್ನೆಗೆ ಬರುತ್ತೇವೆ.

ಮಗು, ಓಡುವ ಗಾಡಿಗೆ ನೀನು ಕಲ್ಲು ಒಗೆದೆ ಎಂದು ತಿಳಿ. ಗಾಜು ಒಡೆಯಿತು. ಚಾಲಕನ ಕೈ ತಪ್ಪಿತು. ಗಾಡಿ ಹೋಗಿ ಬಸ್ಸಿಗೆ ಕಾಯುತ್ತ ನಿಂತ ಒಬ್ಬ ತಾಯಿಗೆ ಬಡಿಯಿತು. ಅವಳು ನಿನಗೆ ಏನು ಮಾಡಿದ್ದಳು? ಹಿಂದಿನ ಸೀಟಿನಲ್ಲಿ ನಗುವವರೇ ಕುಳಿತಿರುತ್ತಾರೆಂದು ಏಕೆ ತಿಳಿಯುತ್ತೀ? ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡ ಬಾಣಂತಿ ಕುಳಿತಿರಬಹುದು. ನಿನ್ನನ್ನು ಕೆಡವಿದ ಜೀಪು ಅಂದೇ ಹೋಯಿತು. ಇಂದು ನಿನ್ನ ಕಲ್ಲು ಕಾಯುತ್ತಿರುವುದು ಬೇರೆ ಯಾರಿಗೋ. ಅವನು ನಿನ್ನ ಬೆನ್ನನ್ನು ಮಾತ್ರ ಕಂಡ, ಮುಖ ಕಾಣಲಿಲ್ಲ. ನೀನು ಗಾಡಿಯನ್ನು ಮಾತ್ರ ಕಾಣುತ್ತಿದ್ದೀ, ಒಳಗಿನ ಮುಖ ಕಾಣುತ್ತಿಲ್ಲ. ಹಾಗಾದರೆ ನಿನಗೂ ಅವನಿಗೂ ವ್ಯತ್ಯಾಸ ಎಲ್ಲಿ ಉಳಿಯಿತು?

ಗಣಾಚಾರವೆಂಬ ಶಬ್ದವನ್ನೇ ನೋಡು. ಗಣ ಎಂದರೆ ಸಮೂಹ. ಒಬ್ಬನ ಸಿಟ್ಟಿಗೆ ಆ ಹೆಸರಿಲ್ಲ. ಮಡಿವಾಳ ಮಾಚಿದೇವರು ಗಣಾಚಾರಕ್ಕೆ ಹೆಸರಾದವರು. ಬಿಜ್ಜಳನ ಅರಮನೆಗೂ ಅಂಜಲಿಲ್ಲ. ಆದರೆ ಅವರು ಎಂದಾದರೂ ಮುಖ ಮರೆಸಿಕೊಂಡು ಹೊಡೆದು ಓಡಿದರೇ? ಎದುರಿಗೆ ನಿಂತು, ಹೆಸರು ಹೇಳಿ, ತಪ್ಪನ್ನು ತಪ್ಪೆಂದರು. ಕಲ್ಲು ಒಗೆದವನು ಓಡಬೇಕಾಗುತ್ತದೆ. ಯಾವ ಕೆಲಸ ಮಾಡಿ ಓಡಬೇಕೋ ಅದು ಗಣಾಚಾರವಲ್ಲ.

ಹಾಗಾದರೆ ಯಾವುದು ಗಣಾಚಾರ? ಒಂದು ದೇಶದ ಕಥೆ ಹೇಳುತ್ತೇವೆ. ಇಂದು ನೆದರ್ಲೆಂಡ್ಸ್ ಎಂದರೆ ಸೈಕಲ್ಲಿನ ದೇಶವೆಂದು ಹೆಸರು. ಆದರೆ ಅಲ್ಲಿಯೂ ಮೋಟಾರು ಹೆಚ್ಚಿದ ಕಾಲದಲ್ಲಿ, 1971ರ ಒಂದೇ ವರ್ಷದಲ್ಲಿ, ರಸ್ತೆಗಳ ಮೇಲೆ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಮಿಕ್ಕಿ ಮಕ್ಕಳು. ತಾಯಿ ತಂದೆಯರು ಬೀದಿಗಿಳಿದರು. ಮಕ್ಕಳ ಕೊಲೆ ನಿಲ್ಲಿಸಿ ಎಂದು ಕೂಗಿದರು. ರಸ್ತೆಯ ಮೇಲೆ ಕುಳಿತರು, ಸೈಕಲ್ಲಿನ ಮೇಲೆ ಮೆರವಣಿಗೆ ಹೋದರು, ಸರ್ಕಾರದ ಬಾಗಿಲು ಬಿಡಲಿಲ್ಲ. ವರ್ಷಗಳು ಹಿಡಿದವು. ಆದರೆ ಸೈಕಲ್ಲಿಗೆ ಬೇರೆ ದಾರಿಗಳು ಬಂದವು, ಊರೊಳಗೆ ಮೋಟಾರಿನ ವೇಗ ಇಳಿಯಿತು, ಸಾಯುವ ಮಕ್ಕಳ ಸಂಖ್ಯೆ ಇಳಿಯಿತು. ಆ ಜನಕ್ಕೆ ಗಣಾಚಾರವೆಂಬ ಶಬ್ದ ಗೊತ್ತಿಲ್ಲ. ಆದರೆ ಅವರು ಮಾಡಿದ್ದು ಅದನ್ನೇ. ಮುಖ ತೋರಿಸಿ, ಕೂಡಿ, ಪಟ್ಟು ಬಿಡದೆ ನಿಂತರು.

ನಾವೂ ಅಷ್ಟನ್ನಾದರೂ ಮಾಡೋಣ. ನಾಳೆ ಬೆಳಗಿನ ಪೂಜೆಯಾದ ಮೇಲೆ ಈ ಹುಡುಗನ ಜೊತೆ ನಾವೇ ಠಾಣೆಗೆ ಹೋಗುತ್ತೇವೆ. ಅವನಿಗೆ ನಂಬರಿನ ಕೊನೆಯ ಎರಡು ಅಂಕಿ ಮಾತ್ರ ನೆನಪಿವೆಯಂತೆ. ಆ ಜೀಪು ಸಿಗುತ್ತದೆಯೋ ಇಲ್ಲವೋ, ಬರೆದು ಕೊಡುವುದು ನಮ್ಮ ಕೆಲಸ. ಊರ ಹಿರಿಯರು ಬರಬೇಕು, ಸೈಕಲ್ಲಿನ ಹುಡುಗರೆಲ್ಲ ಬರಬೇಕು. ಕೊರೆದುಹೋದ ರಸ್ತೆಯ ಅಂಚನ್ನು ತುಂಬಿಸಿ ಎಂದು ರಸ್ತೆಯ ಇಲಾಖೆಗೆ ಅರ್ಜಿ ಬರೆದು ಎಲ್ಲರೂ ಸಹಿ ಮಾಡೋಣ. ಹುಡುಗರು ಅಭ್ಯಾಸಕ್ಕೆ ಹೋಗುವಾಗ ಹಿಂದೆ ದೀಪ ಹಾಕಿಕೊಂಡು ಒಂದು ಗಾಡಿ ನಿಧಾನವಾಗಿ ಬಂದರೆ ಅವರಿಗೆ ಬೆನ್ನ ಬಲ. ವಾರಕ್ಕೆ ಎರಡು ದಿನ ಮಠದ ಕಾರನ್ನೇ ಕಳಿಸುತ್ತೇವೆ, ನಮ್ಮ ಚಾಲಕ ಒಪ್ಪಿದ್ದಾನೆ. ಅಂದು ಹಾರ್ನ್ ಹೊಡೆದವನೂ ಅವನೇ, ಸುಮ್ಮನೆ ಕುಳಿತವರು ನಾವು. ಇಬ್ಬರಿಗೂ ತೀರಿಸಬೇಕಾದ ಬಾಕಿ ಇದೆ. ಉಳಿದ ದಿನಗಳಿಗೆ ಕಾರಿದ್ದ ಭಕ್ತರು ಹೆಸರು ಬರೆಸಬೇಕು. ಬರುವ ಅಮಾವಾಸ್ಯೆಯಂದು ಮಠದ ಅಂಗಳದಲ್ಲಿ ಸೈಕಲ್ಲು, ಚಕ್ಕಡಿ, ಟ್ರೇಲರುಗಳಿಗೆ ಹಿಂದೆ ಕೆಂಪು ಹೊಳೆಯುವ ಪಟ್ಟಿ ಹಚ್ಚುವ ಸೇವೆ ಇಟ್ಟುಕೊಂಡಿದ್ದೇವೆ. ಅದೂ ದಾಸೋಹವೇ. ಹಸಿದವನಿಗೆ ಅನ್ನ ಹೇಗೋ, ಕತ್ತಲಲ್ಲಿ ಹೋಗುವವನಿಗೆ ಬೆಳಕು ಹಾಗೆ.

ತಾಯೀ, ನಿನ್ನ ಮಗನಿಗೆ ಸೈಕಲ್ ಬಿಡು ಎನ್ನಬೇಡ. ಅದು ಅವನ ಸಾಧನೆ. ಅವನು ಬಿಟ್ಟರೆ ಹಾದಿ ಬೈಯುವವರದೇ ಆಗುತ್ತದೆ. ಮಗು, ನೀನು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದೀ, ಕಾಣುತ್ತಿದೆ. ಒಂದು ದಿನದ ಪ್ರವಚನದಿಂದ ನಿನ್ನ ಸಿಟ್ಟು ಇಳಿಯಿತೆಂದು ನಾವು ತಿಳಿದಿಲ್ಲ. ಸಿಟ್ಟು ಇರಲಿ, ಅದು ಅನ್ಯಾಯವನ್ನು ಗುರುತಿಸಿದೆ. ಆದರೆ ಅದನ್ನು ಜೇಬಿನಲ್ಲಿ ಹೊರಬೇಡ, ಕಲ್ಲಿನ ಭಾರಕ್ಕೆ ಸೈಕಲ್ಲೂ ನಿಧಾನವಾಗುತ್ತದೆ. ಅದನ್ನು ನಮಗೆ ಕೊಡು, ಊರಿಗೆ ಕೊಡು. ಕೂಡಿ ಹೊರೋಣ. ನೀನು ಹಗುರಾಗಿ ತುಳಿ.

ಹಾದಿಯಲ್ಲಿ ಹೋಗುವ ಎಲ್ಲರೂ ಮನೆ ಮುಟ್ಟಲಿ, ಮನೆಯಲ್ಲಿ ಕಾಯುವವರ ಕಣ್ಣು ತಂಪಾಗಲಿ ಎಂದು ಬಸವಾದಿ ಪ್ರಮಥರಲ್ಲಿ ಬೇಡಿಕೊಂಡು ಈ ದಿನದ ಮಾತಿಗೆ ಮಂಗಳ ಹಾಡುತ್ತೇವೆ. ಪ್ರಸಾದ ಮಾಡಿಕೊಂಡು ನಿಧಾನವಾಗಿ ಹೋಗಿ. ಹೊರಗೆ ಕತ್ತಲಾಗಿದೆ, ಸೈಕಲ್ಲಿನವರು ಮೊದಲು ಹೊರಡಲಿ, ಕಾರಿನವರು ಐದು ನಿಮಿಷ ತಡೆದು ಹೊರಡಿ.